ನೊಣದ ಹೊಟ್ಟೆಯ ಚೀಲ

ಗಂಗಾಧರನ ಬಾಳನ್ನು ಗೋಳು ಮಾಡಿದ ಪ್ರಾಣಿ ಗಾತ್ರದಲ್ಲಿ ರಾಗಿ ಕಾಳಿಗಿಂತ ತುಸು ದೊಡ್ಡದು, ಅಷ್ಟೇ. ಅದರ ಹೆಸರು ಮರಳು ನೊಣ. ಮರಳಿಗೂ ಅದಕ್ಕೂ ಏನೂ ನೆಂಟಸ್ತಿಕೆ ಇಲ್ಲ. ಬಣ್ಣ ಹಾಗಿದೆ ಅಂತ ಯಾರೋ ಇಟ್ಟ ಹೆಸರು. ಮಣ್ಣಿನ ಗೋಡೆಯ ಬಿರುಕಲ್ಲೋ ಕೊಟ್ಟಿಗೆಯ ಕತ್ತಲ ಮೂಲೆಯಲ್ಲೋ ಹಗಲೆಲ್ಲ ಕೂತು, ಕತ್ತಲಾದ ಮೇಲೆ ಎದ್ದು ರಕ್ತ ಹೀರುವುದು ಅದರ ಕಸುಬು. ಹೀರುವುದು ಹೆಣ್ಣು ಮಾತ್ರ. ಗಂಡು ಗಿಡದ ರಸ ಕುಡಿದುಕೊಂಡು ತಣ್ಣಗೆ ಇರುತ್ತದೆ. ಬಿ.ಎಸ್ಸಿ. ಓದಿ, ಮದುವೆಯಾಗಿ, ಮೂವತ್ತನಾಲ್ಕು ವರ್ಷ ದಾಟಿದ ಮೇಲೆ, ಬೆಳಗಾಗೆದ್ದು ಕಂಡವರ ಕೊಟ್ಟಿಗೆ ಹೊಕ್ಕು ಈ ಹೆಣ್ಣುಗಳನ್ನು ಹುಡುಕುವುದು ಗಂಗಾಧರನ ಕಸುಬು.

ಕಸುಬು ಅಂದರೂ ಪೂರ್ತಿ ಕಸುಬಲ್ಲ. ಕೋಲಾರದ ಹೊರವಲಯದ ಒಂದು ಕೀಟ ಸಂಶೋಧನಾ ಕೇಂದ್ರದಲ್ಲಿ ಕ್ಷೇತ್ರ ಸಹಾಯಕ ಅನ್ನುವ ಹನ್ನೊಂದು ತಿಂಗಳ ಹುದ್ದೆ. ಹನ್ನೊಂದು ತಿಂಗಳು ಮುಗಿದಾಗ ಡಾಕ್ಟರ್ ಧನಶ್ರೀ ಮೇಡಂ ಹೆಸರು ಬರೆದು ಕಳಿಸಿದರೆ ಇನ್ನೊಂದು ಹನ್ನೊಂದು ತಿಂಗಳು. ಹೀಗೆ ಮೂರು ಸಲ ಆಗಿತ್ತು. ನಾಲ್ಕನೇ ಸಲಕ್ಕೆ ಮೇಡಂ ಪೆನ್ನು ಎತ್ತಲಿಲ್ಲ.

"ಗಂಗಾಧರ್, ಮೂರು ವರ್ಷದಲ್ಲಿ ನೀವು ತಂದ ನೊಣಗಳಲ್ಲಿ ನನಗೆ ಒಂದೇ ಒಂದು ಇಡೀ ಚೀಲ ಸಿಕ್ಕಿಲ್ಲ," ಅಂದಿದ್ದರು. "ಹಿಂದಿನ ರಾತ್ರಿ ರಕ್ತ ಕುಡಿದ ಐವತ್ತು ಹೆಣ್ಣು ನೊಣ, ಜೀವಂತ, ಶನಿವಾರ ನಾಲ್ಕು ಗಂಟೆಗೆ ನನ್ನ ಮೇಜಿನ ಮೇಲಿರ್ಬೇಕು. ಸೋಮವಾರ ನಾನು ಹೆಸರು ಕಳಿಸ್ಬೇಕು. ಯಾರ ಹೆಸರು ಅನ್ನೋದು ಶನಿವಾರ ತೀರ್ಮಾನ ಆಗುತ್ತೆ."

ಈ ಚೀಲದ ವಿಷಯ ಹೇಳದಿದ್ದರೆ ಮುಂದಿನ ಗೋಳು ಅರ್ಥವಾಗುವುದಿಲ್ಲ. ನೊಣ ರಕ್ತ ಕುಡಿದ ಕೆಲವು ಗಂಟೆಗಳಲ್ಲೇ ಅದರ ಹೊಟ್ಟೆಯೊಳಗೆ ಆ ರಕ್ತದ ಸುತ್ತ ತೆಳ್ಳನೆಯ ಒಂದು ಪೊರೆ ಕಟ್ಟಿಕೊಳ್ಳುತ್ತದೆ. ರಕ್ತದ ಜೊತೆ ಕಾಲಾ ಅಜಾರ್ ಅನ್ನುವ ಜ್ವರದ ರೋಗಾಣು ಬಂದಿದ್ದರೆ ಅದೂ ಆ ಚೀಲದೊಳಗೇ ಸಿಕ್ಕಿಬೀಳುತ್ತದೆ. ಮೊದಮೊದಲು ಜೀರ್ಣರಸ ಮೈಗೆ ತಾಕದಂತೆ ರೋಗಾಣುವನ್ನು ಕಾಯುವುದೂ ಆ ಚೀಲವೇ, ಆಮೇಲೆ ಹೊರಗೆ ಹೋಗದಂತೆ ಕಟ್ಟಿಹಾಕುವುದೂ ಆ ಚೀಲವೇ. ನೊಣ ಹೊಟ್ಟೆ ಖಾಲಿ ಮಾಡುವುದರೊಳಗೆ ಚೀಲ ಹರಿದು ಹೊರಬಿದ್ದರೆ ರೋಗಾಣು ಬದುಕಿತು, ಮುಂದೆ ಇನ್ನೊಬ್ಬ ಮನುಷ್ಯನ ಮೈಗೆ ಹೋಯಿತು. ಹೊರಬೀಳದಿದ್ದರೆ ಚೀಲದ ಸಮೇತ ನೊಣದ ಹಿಕ್ಕೆಯಾಗಿ ಹೋಯಿತು. ನಮ್ಮ ಕಡೆಯ ನೊಣದ ಚೀಲ ಎಷ್ಟು ಗಟ್ಟಿ ಅಂತ ತಿಳಿಯುವುದು ಧನಶ್ರೀ ಮೇಡಂ ಅವರ ಜೀವನದ ಗುರಿ. ಕಷ್ಟವೇನೆಂದರೆ, ಕೊಯ್ದು ನೋಡುವ ಹೊತ್ತಿಗೆ ಆ ಚೀಲ ಪ್ರತಿ ಸಲವೂ ಚಿಂದಿಯಾಗಿರುತ್ತಿತ್ತು, ಬೈಗುಳ ಮಾತ್ರ ಗಂಗಾಧರನಿಗೆ ಇಡಿಯಾಗಿ ಸಿಗುತ್ತಿತ್ತು.

ಮನೆಯಲ್ಲೂ ಅವನಿಗೆ ಸುಖವಿರಲಿಲ್ಲ. ಮುಳಬಾಗಿಲಿನ ಮಾವನ ಮನೆಯಲ್ಲಿ ಯಾರಾದರೂ "ಅಳಿಯಂದಿರು ಏನ್ ಮಾಡ್ಕೊಂಡವ್ರೆ?" ಅಂದರೆ ಬಾಮೈದ ಗಂಭೀರವಾಗಿ "ನೊಣ ಹೊಡೀತಾವ್ರೆ" ಅನ್ನುತ್ತಿದ್ದ. ಆ ಕೆಲಸವೂ ಹೋದರೆ ಆ ಮನೆಯ ಹೊಸ್ತಿಲು ತುಳಿಯುವುದು ಹೇಗೆ? ಶನಿವಾರ ಬೆಳಿಗ್ಗೆ ಹೊರಡುವಾಗ ಹೆಂಡತಿ ಸುನಂದ ಬುತ್ತಿ ಕೊಡಲಿಲ್ಲ, ಒಂದು ಮಾತು ಕೊಟ್ಟಳು. "ರೀ, ಐವತ್ತು ಅಂದ್ರೆ ಅರವತ್ತು ಹಿಡೀರಿ. ದಾರೀಲಿ ಹತ್ತು ಸಾಯ್ತವೆ, ನಿಮ್ ಹಣೆಬರಹ ನನಗೆ ಗೊತ್ತಲ್ಲ."

ಅವನು ಆರಿಸಿಕೊಂಡಿದ್ದು ಸುಗಟೂರಿನಿಂದ ಒಂದು ಮೈಲಿ ಒಳಗಿರುವ ಒಂದು ಸಣ್ಣ ಹಳ್ಳಿ. ಹಿಂದಿನ ತಿಂಗಳು ನೋಡಿ ಬಂದಾಗ ಅಲ್ಲಿನ ಕೊಟ್ಟಿಗೆಗಳ ಗೋಡೆ ತುಂಬ ನೊಣ ಎಳ್ಳು ಎರಚಿದ ಹಾಗೆ ಕೂತಿದ್ದವು. ಶುಕ್ರವಾರ ಅಲ್ಲಿನ ಆಶಾ ಕಾರ್ಯಕರ್ತೆ ಭಾರತಮ್ಮನಿಗೆ ಫೋನ್ ಮಾಡಿ, "ಅಕ್ಕ, ನಾಳೆ ಬರ್ತೀನಿ, ಯಾರಿಗೂ ಹೇಳ್ಬೇಡಿ, ಕೊಟ್ಟಿಗೆಗಳು ಹೆಂಗಿವೆಯೋ ಹಂಗೇ ಇರ್ಲಿ," ಅಂತ ಎರಡೆರಡು ಸಲ ಹೇಳಿದ್ದ. ಯಾರಿಗೂ ಹೇಳಬೇಡಿ ಅನ್ನುವುದು ನಮ್ಮ ಕಡೆ ಡಂಗುರ ಹೊಡೆಸುವುದಕ್ಕಿಂತ ವೇಗದ ಕೆಲಸ ಅನ್ನುವುದು ಆ ಪುಣ್ಯಾತ್ಮನಿಗೆ ಹೊಳೆಯಲಿಲ್ಲ.

ಬೆಳಿಗ್ಗೆ ಏಳು ಗಂಟೆಗೆ ಊರು ಹೊಕ್ಕ ಗಂಗಾಧರನಿಗೆ ಮೊದಲು ಬಡಿದದ್ದು ಬ್ಲೀಚಿಂಗ್ ಪುಡಿಯ ವಾಸನೆ. ಚರಂಡಿಯ ಎರಡೂ ಪಕ್ಕ ಬಿಳೀ ಗೆರೆ ಎಳೆದಿತ್ತು. ಕೊಟ್ಟಿಗೆಗಳ ಗೋಡೆಯ ಬಿರುಕಿಗೆಲ್ಲ ಸಗಣಿ ಮೆತ್ತಿ, ಮೇಲೆ ಸುಣ್ಣ ಬಳಿದು, ಬಾಗಿಲಲ್ಲಿ ಬೇವಿನ ಸೊಪ್ಪಿನ ಹೊಗೆ ಹಾಕಿದ್ದರು. ಎಮ್ಮೆಗಳಿಗೂ ಸ್ನಾನವಾಗಿತ್ತು. ಭಾರತಮ್ಮ ಇಸ್ತ್ರಿ ಮಾಡಿದ ಗುಲಾಬಿ ಸೀರೆಯಲ್ಲಿ ನಿಂತು ನಗುತ್ತಿದ್ದಳು.

"ಹೆಂಗೈತೆ ಸಾರ್? ರಾತ್ರಿ ಒಂಬತ್ತು ಗಂಟೆವರ್ಗೂ ನಿಂತು ಮಾಡ್ಸಿದೀನಿ. ಒಂದೇ ಒಂದು ನೊಣ ತೋರ್ಸಿ ನೋಡಾಣ."

"ಅಕ್ಕ, ನಾನ್ ಬಂದಿರೋದೇ ನೊಣ ಹಿಡಿಯೋಕೆ," ಅಂದ ಗಂಗಾಧರ. ದನಿ ಅವನಿಗೇ ಕೇಳಿಸದಷ್ಟು ಸಣ್ಣದಾಗಿತ್ತು.

"ಇಲ್ಲಾಂದ್ರೆ ಹಿಡಿಯೋ ತಾಪತ್ರಯಾನೇ ಇಲ್ವಲ್ಲ ಸಾರ್. 'ನೊಣ ಇಲ್ಲ' ಅಂತ ಬರ್ಕೊಂಡು ನನ್ ಹೆಸ್ರು ಒಂಚೂರು ಮೇಲೆ ಹಾಕಿ."

ಗಂಗಾಧರ ಹನ್ನೊಂದು ಕೊಟ್ಟಿಗೆ ಸುತ್ತಿದ. ಹನ್ನೊಂದರಲ್ಲೂ ಸುಣ್ಣ ಅಂಗಿಗೆ ಹತ್ತಿತೇ ಹೊರತು ಒಂದು ನೊಣ ಸಿಗಲಿಲ್ಲ. ಗಡಿಯಾರ ಎಂಟೂಕಾಲು ತೋರಿಸುತ್ತಿತ್ತು. ಹೊಗೆಗೆ ಕಣ್ಣಲ್ಲಿ ನೀರು ಬಂದಿತ್ತು, ಅದರಲ್ಲಿ ಅರ್ಧ ಹೊಗೆಯದಲ್ಲ.

"ಇನ್ನೊಂದು ಐತೆ," ಅಂದಳು ಭಾರತಮ್ಮ ಮೂತಿ ತಿರುಗಿಸಿ. "ಆ ಮುನಿಶಾಮಮ್ಮಂದು. ಅಲ್ಲಿಗೆ ಹೋಗ್ಬೇಡಿ. ಊರೆಲ್ಲ ಒಂದು ದಾರಿ ಆದ್ರೆ ಆಯಮ್ಮಂದೇ ಒಂದು ದಾರಿ. ಕ್ಲೀನ್ ಮಾಡಮ್ಮ ಅಂದ್ರೆ, 'ಆ ಹಳೇ ಮೆಂಬರು ಕೋದಂಡರಾಮಪ್ಪ ಹೇಳ್ಕಳ್ಸಿದ್ನಾ, ಹಂಗಾರೆ ಮಾಡಲ್ಲ' ಅಂದ್ಲು."

ಗಂಗಾಧರ ಓಡಿದ.

ಮುನಿಶಾಮಮ್ಮನಿಗೆ ನಲವತ್ತೈದರ ಸುಮಾರು. ಮನೆ ಹಿಂದೆ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಸಣ್ಣ ಶೆಡ್ಡು ಇಟ್ಟುಕೊಂಡಿದ್ದಳು. ಅದರ ಪಕ್ಕದಲ್ಲೇ ಕೊಟ್ಟಿಗೆ. ಆ ಕೊಟ್ಟಿಗೆಯ ಗೋಡೆ ನೋಡಿ ಗಂಗಾಧರನಿಗೆ ಕೈಮುಗಿಯಬೇಕೆನಿಸಿತು. ಬೆರಳು ತೂರುವಂಥ ಬಿರುಕುಗಳು, ಮೂಲೆಯಲ್ಲಿ ತಣ್ಣನೆ ಕತ್ತಲು, ಗೋಡೆ ತುಂಬ ಹೊಟ್ಟೆ ಕೆಂಪಾಗಿ ಊದಿಸಿಕೊಂಡು ಕೂತ ನೊಣಗಳು. ರಾತ್ರಿಯೆಲ್ಲ ಹಸುವಿನ ರಕ್ತ ಕುಡಿದು ಅಲುಗಾಡಲಾರದೆ ಕೂತಿದ್ದವು.

ಮರಳು ನೊಣವನ್ನು ಕೈಯಲ್ಲಿ ಹಿಡಿಯಲಾಗದು, ಬೆರಳು ತಾಕಿದರೆ ಹುಡಿಯಾಗುತ್ತದೆ. ಅದಕ್ಕೆ ಗಾಜಿನ ಕೊಳವೆ ಬೇಕು. ಒಂದು ತುದಿಯನ್ನು ನೊಣದ ಮುಂದೆ ಹಿಡಿದು, ಇನ್ನೊಂದು ತುದಿಗೆ ಸಿಕ್ಕಿಸಿದ ರಬ್ಬರ್ ನಳಿಕೆಯನ್ನು ಬಾಯಲ್ಲಿಟ್ಟುಕೊಂಡು ಉಸಿರು ಎಳೆಯಬೇಕು. ನೊಣ ಕೊಳವೆಗೆ ಬರುತ್ತದೆ, ನಡುವೆ ಇರುವ ಜಾಲರಿ ಅದು ಗಂಟಲಿಗೆ ಹೋಗದಂತೆ ತಡೆಯುತ್ತದೆ. ಮಾಡುವವನಿಗೆ ಇದು ವಿಜ್ಞಾನ. ಬಾಗಿಲಲ್ಲಿ ನಿಂತು ನೋಡುವವರಿಗೆ ಒಬ್ಬ ಪ್ಯಾಂಟು ಹಾಕಿದ ಮನುಷ್ಯ ಕೊಟ್ಟಿಗೆ ಗೋಡೆಯನ್ನು ಎಳನೀರಿನ ಹಾಗೆ ಹೀರುವ ದೃಶ್ಯ. ನೋಡಲು ಹತ್ತು ಜನ ಸೇರಿದರು, ಆಮೇಲೆ ಇಪ್ಪತ್ತಾದರು.

"ಏನಂತೆ ರುಚಿ?" ಅಂದ ಯಾರೋ.

ಗಂಗಾಧರನ ಬಾಯಲ್ಲಿ ನಳಿಕೆ ಇತ್ತು, ಉತ್ತರ ಕೊಡಲಾಗಲಿಲ್ಲ. ಕೊಡುವಂಥ ಉತ್ತರವನ್ನು ಅವನು ನುಂಗಿಕೊಂಡ. ಹತ್ತು ಗಂಟೆಗೆ ಬಲೆಬಟ್ಟೆಯ ಪುಟ್ಟ ಪಂಜರದಲ್ಲಿ ಅರವತ್ತೆರಡು ನೊಣ ಇದ್ದವು. ಪಂಜರಕ್ಕೆ ಒದ್ದೆ ಬಟ್ಟೆ ಸುತ್ತಿ, ಎದೆಗೆ ಅವುಚಿಕೊಂಡು, ಹತ್ತೂವರೆ ಬಸ್ಸಿಗೆ ಹೊರಟ. ಬೀದಿಯ ತುದಿಯಲ್ಲಿ ಕೋದಂಡರಾಮಪ್ಪ ಅಡ್ಡ ನಿಂತಿದ್ದ.

ಕೋದಂಡರಾಮಪ್ಪ ಪಂಚಾಯ್ತಿಯ ಮಾಜಿ ಸದಸ್ಯ. ಸದಸ್ಯತ್ವ ಹೋಗಿ ನಾಲ್ಕು ವರ್ಷವಾದರೂ ಜೇಬಿನಲ್ಲಿ ಸೀಲು ಉಳಿದಿತ್ತು, ದನಿಯಲ್ಲಿ ಗತ್ತು ಉಳಿದಿತ್ತು. ಅದಕ್ಕಿಂತ ಮುಖ್ಯವಾಗಿ ಅವನ ಹುಳುಮನೆಯಲ್ಲಿ ರೇಷ್ಮೆ ಹುಳುಗಳು ನಾಳೆಯೋ ನಾಡಿದ್ದೋ ಹಣ್ಣಾಗಿ ಗೂಡು ಕಟ್ಟುವುದರಲ್ಲಿದ್ದವು. ಬಸ್ಸಿನ ದಾರಿ ಹೋಗುವುದು ಆ ಹುಳುಮನೆಯ ಮುಂದೆಯೇ.

"ಏನ್ಲಾ ಅದು ಕೈಯಾಗೆ?"

"ನೊಣ ಸಾರ್."

ಆ ಊರಲ್ಲಿ ಹಾವು ಅಂದಿದ್ದರೂ ಯಾರೂ ಅಷ್ಟು ಬೆಚ್ಚುತ್ತಿರಲಿಲ್ಲ. ರೇಷ್ಮೆ ಬೆಳೆಯುವವರಿಗೆ ನೊಣ ಅಂದರೆ ಒಂದೇ, ಊಜಿ ನೊಣ. ಹುಳುವಿನ ಮೈಮೇಲೆ ಮೊಟ್ಟೆ ಇಟ್ಟು ಒಂದು ಮನೆಯ ಬೆಳೆಯನ್ನೇ ಹೊತ್ತುಕೊಂಡು ಹೋಗುವ ಶನಿ ಅದು. ಅದು ಒಳಗೆ ನುಗ್ಗದಿರಲೆಂದು ಕೋದಂಡರಾಮಪ್ಪ ಕಿಟಕಿಗೆಲ್ಲ ಎರಡು ಸುತ್ತು ಪರದೆ ಕಟ್ಟಿಸಿದ್ದ. ಅಂಥವನ ಬಾಗಿಲ ಮುಂದೆ ಒಬ್ಬ ಪಂಜರ ತುಂಬ ನೊಣ ಹಿಡಿದು ನಿಂತಿದ್ದ.

"ಹಣ್ಣಾಗೋ ಹೊತ್ತಿಗೆ ಸರಿಯಾಗಿ ಊಜಿ ತಂದವ್ನೆ ನೋಡ್ರಪ್ಪ," ಅಂದ ಕೋದಂಡರಾಮಪ್ಪ ಜನರ ಕಡೆ ತಿರುಗಿ. "ಯಾರು ಕಳ್ಸಿದ್ದು ನಿನ್ನ? ಮಾಲೂರು ಕಡೆ ರೇಷ್ಮೆಯವ್ರಾ?"

"ಇದು ಊಜಿ ಅಲ್ಲ ಸಾರ್. ಊಜಿ ಮನೆ ನೊಣಕ್ಕಿಂತ ದಪ್ಪ ಇರುತ್ತೆ. ಇದು ನೋಡಿ, ಎಷ್ಟು ಸಣ್ಣದು. ಇದಕ್ಕೆ ಹುಳು ಬೇಡ, ರಕ್ತ ಬೇಕು."

"ಈಗ ಸಣ್ಣದು. ಬೆಳೆಯಲ್ವಾ?"

ಅದಕ್ಕೆ ಗಂಗಾಧರನ ಬಿ.ಎಸ್ಸಿ.ಯಲ್ಲಿ ಉತ್ತರವಿತ್ತು. ರೆಕ್ಕೆ ಬಂದ ಮೇಲೆ ಯಾವ ನೊಣವೂ ಬೆಳೆಯುವುದಿಲ್ಲ. ಅದನ್ನು ಅವನು ಮೂರು ಸಲ ಹೇಳಿದ. ಮೂರನೇ ಸಲಕ್ಕೆ ಹತ್ತೂವರೆ ಬಸ್ಸು ಹಾರ್ನ್ ಹಾಕಿ ಹೊರಟುಹೋಯಿತು. ಕೋದಂಡರಾಮಪ್ಪ ಬಕೆಟ್ಟಿನಲ್ಲಿ ಬ್ಲೀಚಿಂಗ್ ನೀರು ತರಿಸಿ ಇವನ ಕಾಲು, ಚಪ್ಪಲಿ, ಮೊಣಕೈವರೆಗಿನ ಕೈ ಎಲ್ಲ ಅದ್ದಿಸಿದ. ಪಂಜರವನ್ನೂ ಅದ್ದಲು ಹೋದಾಗ ಗಂಗಾಧರ ಅದನ್ನು ತಲೆಯ ಮೇಲೆತ್ತಿ ಹಿಡಿದು ನಿಂತ.

"ಇದನ್ನ ಅದ್ದಿದ್ರೆ ನನ್ ಕೆಲ್ಸ ಹೋಗುತ್ತೆ ಸಾರ್. ಸಾಯಂಕಾಲ ನಾಲ್ಕಕ್ಕೆ ಇದು ಕೋಲಾರದಲ್ಲಿರ್ಬೇಕು. ಹೊಟ್ಟೆಯೊಳಗೆ ಚೀಲ ಐತೆ. ಅದು ಒಡೆಯೋಕೆ ಮುಂಚೆ ತಲುಪ್ಬೇಕು."

"ಚೀಲನಾ?" ಅಂದಳು ಮುನಿಶಾಮಮ್ಮ. ಕೋದಂಡರಾಮಪ್ಪ ಯಾರನ್ನು ಬೈಯುತ್ತಾನೋ ಅವರ ಪರ ನಿಲ್ಲುವುದು ಅವಳ ಜನ್ಮಸಿದ್ಧ ನಿಯಮ, ಅದಕ್ಕೇ ಹಿಂದೆಯೇ ಬಂದಿದ್ದಳು. "ಬಿಡಿಸಿ ಹೇಳು ನಾಯ್ನಾ."

ಗಂಗಾಧರ ಹೇಳಿದ. ರಕ್ತದ ಸುತ್ತ ಚೀಲ ಕಟ್ಟುವುದು, ಒಳಗೆ ರೋಗಾಣು ಸಿಕ್ಕಿಬೀಳುವುದು, ಹರಿದುಕೊಂಡು ಬಂದರೆ ಅದಕ್ಕೆ ಬದುಕು, ಬರದಿದ್ದರೆ ಸಾವು, ಒಡೆಯದ ಚೀಲ ಮೂರು ವರ್ಷದಿಂದ ಸಿಗದಿರುವುದು, ಎಲ್ಲವನ್ನೂ ಹೇಳಿದ. ಮೇಡಂ ಹತ್ತಿರ ಇಂಗ್ಲಿಷಿನಲ್ಲಿ ತೊದಲುತ್ತಿದ್ದವನು ಇಲ್ಲಿ ಬಿಸಿಲಲ್ಲಿ ನಿಂತು ಸರಾಗವಾಗಿ ಹೇಳಿಬಿಟ್ಟ. ಅವನಿಗೇ ಆಶ್ಚರ್ಯವಾಯಿತು.

ಮುನಿಶಾಮಮ್ಮ ತಲೆದೂಗಿದಳು. "ನಮ್ ರೇಷ್ಮೆ ಗೂಡಿದ್ದಂಗೇ ಬಿಡು. ಹುಳ ಒಳಗಿರೋ ತನಕ ಗೂಡಿಗೆ ಬೆಲೆ. ಚಿಟ್ಟೆಯಾಗಿ ತೂತು ಮಾಡ್ಕೊಂಡು ಹೊರಗೆ ಬಂತೋ, ನೂಲೂ ಇಲ್ಲ, ಮಣ್ಣೂ ಇಲ್ಲ."

"ಅದೇ ಕಣಮ್ಮ," ಅಂದ ಗಂಗಾಧರ. ಮೂರು ವರ್ಷದಲ್ಲಿ ತನ್ನ ಕೆಲಸ ಅರ್ಥವಾದ ಮೊದಲ ಜೀವ ಅವಳು ಅಂತ ಅವನ ಕಣ್ಣು ತುಂಬಿತು. ಕಣ್ಣು ತುಂಬಿದಾಗ ಮನುಷ್ಯ ಎಚ್ಚರ ತಪ್ಪುತ್ತಾನೆ.

ಗೂಡಿನ ಮಾತು ಬಂದದ್ದೇ ಕೋದಂಡರಾಮಪ್ಪನೂ ಮೆತ್ತಗಾದ. ಮೆತ್ತಗಾದ ಕೋದಂಡರಾಮಪ್ಪ ಗಟ್ಟಿ ಕೋದಂಡರಾಮಪ್ಪನಿಗಿಂತ ಅಪಾಯ. "ಹಂಗಾರೆ ನೀನು ಹುಳದ ಡಾಕ್ಟ್ರು ಅನ್ನು. ಮದ್ಲೇ ಹೇಳೋದಲ್ವಾ. ಬಾ, ನಮ್ ಹುಳ ಒಂದ್ಸಲ ನೋಡು. ಮುಂದಿನ ಬಸ್ಸು ಎರಡಕ್ಕೆ, ಅಲ್ಲೀಗಂಟ ಬಿಸ್ಲಾಗೇನ್ ಮಾಡ್ತೀಯ? ಊಟ ಮಾಡ್ಕೊಂಡೇ ಹೋಗು. ಆದ್ರೆ ಆ ಪಂಜ್ರ ಮಾತ್ರ ನನ್ ಮನೆ ಬಾಗ್ಲಿಗೆ ಬರ್ಬಾರ್ದು."

"ನನ್ ತಾವ ಇರ್ಲಿ ಬಿಡು," ಅಂದಳು ಮುನಿಶಾಮಮ್ಮ.

ಗಂಗಾಧರ ಪಂಜರವನ್ನು ಅವಳ ನೂಲಿನ ಶೆಡ್ಡಿನ ತಂಪು ಮೂಲೆಯಲ್ಲಿಟ್ಟು, ಮಗುವನ್ನು ಒಪ್ಪಿಸುವವನಂತೆ ಹೇಳಿದ. "ಬಟ್ಟೆ ಒಣಗಿದ್ರೆ ನೀರು ಚಿಮುಕಿಸಿ. ಬೇರೇನೂ ಮಾಡ್ಬೇಡಿ. ಚೀಲ ಒಂದು ಒಡೀದಿದ್ರೆ ಸಾಕಮ್ಮ, ನನ್ ಕೆಲ್ಸ ಉಳೀತು."

"ನನಗ್ ಬಿಡು. ಒಡಿಯಲ್ಲ," ಅಂದಳು ಅವಳು.

ಮುಂದಿನ ಎರಡೂವರೆ ಗಂಟೆ ಗಂಗಾಧರ ಊರಿನ ಸೊತ್ತಾದ. ಕೋದಂಡರಾಮಪ್ಪನ ಹುಳು ನೋಡಿದ. ಚೆನ್ನಾಗಿವೆ ಅಂದರೆ "ಸರಿಯಾಗಿ ನೋಡು" ಅಂದರು, ಸರಿಯಾಗಿ ನೋಡಿ ಚೆನ್ನಾಗಿವೆ ಅಂದರೆ "ಏನೋ ಮುಚ್ಚಿಡ್ತಾವ್ನೆ" ಅಂದರು. ಟೊಮೆಟೊ ಎಲೆ ಮುದುರಿದ್ದಕ್ಕೆ ಔಷಧ ಕೇಳಿದರು. ಒಬ್ಬ ಅಜ್ಜಿ ಬಿ.ಪಿ. ಮಾತ್ರೆ ತಂದು ಬೆಳಿಗ್ಗೆ ನುಂಗೋದಾ, ರಾತ್ರೀನಾ ಅಂದಳು. ಭಾರತಮ್ಮ ಒಂದು ಕಾಗದ ತಂದು "ನೊಣ ಮುಕ್ತ ಗ್ರಾಮ" ಅಂತ ಬರೆದು ಸಹಿ ಹಾಕಿ ಅಂದಳು. ಅರವತ್ತೆರಡು ನೊಣ ಹಿಡಿದ ಊರನ್ನು ಹಾಗನ್ನಲು ಬರುವುದಿಲ್ಲ ಅಂದಿದ್ದಕ್ಕೆ ಮುಖ ಊದಿಸಿಕೊಂಡಳು. ಮುದ್ದೆ ಮೇಲೆ ಮುದ್ದೆ ಬಿತ್ತು. ಬೇಡ ಅಂದವನ ತಟ್ಟೆಗೆ ಮೂರನೆಯದೂ ಬಿತ್ತು.

ಒಂದೂವರೆಗೆ ಅವರ ಕೈಯಿಂದ ಬಿಡಿಸಿಕೊಂಡು ಶೆಡ್ಡಿಗೆ ಬಂದಾಗ ಪಂಜರ ಬಾಗಿಲಲ್ಲೇ ಒಂದು ಮಣೆಯ ಮೇಲೆ ಸಿದ್ಧವಾಗಿತ್ತು. ಬಟ್ಟೆ ಬೆಚ್ಚಗಿತ್ತು. ಗಂಗಾಧರ ಬಟ್ಟೆ ಸರಿಸಿದ. ಅರವತ್ತೆರಡು ನೊಣಗಳೂ ತಳದಲ್ಲಿ ಬಿದ್ದಿದ್ದವು. ಅವನು ಪಂಜರ ತಟ್ಟಿದ, ಊದಿದ, ಹೆಸರಿದ್ದಿದ್ದರೆ ಕೂಗುತ್ತಿದ್ದ. ಒಂದೂ ಅಲುಗಲಿಲ್ಲ.

"ಏನ್ ಮಾಡಿದ್ರಿ ಇದಕ್ಕೆ?"

"ಆವಿ ಹಾಕ್ದೆ ನಾಯ್ನಾ," ಅಂದಳು ಮುನಿಶಾಮಮ್ಮ ಸೆರಗಿಗೆ ಕೈ ಒರೆಸುತ್ತ. "ಗೂಡು ತಂದ್ ತಕ್ಷಣ ನಾವ್ ಮಾಡೋದೇ ಅದು. ಆವಿ ಕೊಟ್ರೆ ಒಳಗಿನ ಹುಳ ಅಲ್ಲೇ ಸಾಯ್ತದೆ, ಗೂಡು ಒಡಿಯಲ್ಲ, ಆರು ತಿಂಗ್ಳು ಇಟ್ರೂ ಹಂಗೇ ಇರ್ತದೆ. ಇನ್ ನೀನು ಇವತ್ ಹೋಗು, ಸೋಮ್ವಾರ ಹೋಗು, ನಿನ್ ಚೀಲ ಒಡಿಯಲ್ಲ."

ಗಂಗಾಧರ ಅಲ್ಲೇ ಮಣೆಯ ಪಕ್ಕ ನೆಲದ ಮೇಲೆ ಕೂತ. ಬೈಯಬೇಕೆಂದು ಬಾಯಿ ತೆರೆದರೆ ಮೂರು ಮುದ್ದೆಯ ತೇಗು ಬಂತು. ಮೂರು ವರ್ಷ, ಸಾವಿರಾರು ಕೊಟ್ಟಿಗೆ, ಎಷ್ಟೋ ನಾಯಿಗಳ ಬೊಗಳು, ಅಷ್ಟೂ ಒಂದು ಆವಿ ಪೆಟ್ಟಿಗೆಯಲ್ಲಿ ಬೆಂದುಹೋಗಿತ್ತು. ಇವತ್ತು ಮತ್ತೆ ಹಿಡಿಯೋಣವೆಂದರೆ ಗೋಡೆಯ ಮೇಲೆ ಗಂಡು ನೊಣಗಳು ಮಾತ್ರ ಉಳಿದಿದ್ದವು. ಅವನ ಮೈ ಉರಿಯಿತು, ಅಳುವೂ ಬಂತು, ಎರಡಕ್ಕೂ ಸಮಯವಿರಲಿಲ್ಲ.

ಊರು ಮತ್ತೆ ಸೇರಿತು. ಈ ಸಲ ಎಲ್ಲರೂ ಅವನ ಕಡೆ. ಮುನಿಶಾಮಮ್ಮನ ಮೇಲೆ ಒಂದು ತಪ್ಪು ಹೊರಿಸುವ ಅವಕಾಶ ಸಿಕ್ಕಿದ್ದಕ್ಕೆ ಕೋದಂಡರಾಮಪ್ಪನಿಗೆ ಹಬ್ಬವಾಗಿತ್ತು.

"ಹಿಂಗೇ ಬರಿಗೈಲಿ ಹೋದ್ರೆ ನಿಮ್ಮ ಮೇಡಂ ನಂಬ್ತಾರಾ? ಇದಕ್ಕೊಂದು ಹೇಳಿಕೆ ತಗೋ. ಕಾಗದ ಇದ್ರೆ ಯಾವ ಆಫೀಸರೂ ಕೈ ಮುಟ್ಟಲ್ಲ. ನಾನ್ ಬರೀತೀನಿ, ಸೀಲು ಐತೆ."

ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ಗಂಗಾಧರ ಒಪ್ಪಿದ. ಒಪ್ಪಿದ್ದಷ್ಟೇ ಅಲ್ಲ, ಆಮೇಲೆ ಅವನಿಗೇ ಹುರುಪು ಬಂತು. "ನಾನ್ ಇರ್ಲಿಲ್ಲ ಅಂತ ಬರೀರಿ. ಬೇಡ ಅಂತ ಹೇಳಿದ್ದೆ ಅಂತ ಬರೀರಿ. ನನಗೆ ಇದರ ತಿಳಿವಳಿಕೇನೇ ಇರ್ಲಿಲ್ಲ ಅಂತ ಗಟ್ಟಿಯಾಗಿ ಬರೀರಿ," ಅಂತ ಪಕ್ಕದಲ್ಲಿ ಕೂತು ಹೇಳಿ ಬರೆಸಿದ. ಕೋದಂಡರಾಮಪ್ಪನ ಹಳೇ ಪೆನ್ನು ಓಡಿತು.

"ಸದರಿ ಗ್ರಾಮದ ವಾಸಿ ಮುನಿಶಾಮಮ್ಮ ಆದ ನಾನು ಸ್ವ ಇಚ್ಛೆಯಿಂದ ಬರೆಸಿಕೊಟ್ಟ ಹೇಳಿಕೆ ಏನೆಂದರೆ, ಪಂಜರದಲ್ಲಿದ್ದ ನೊಣಗಳಿಗೆ ಆವಿ ಹಾಕಿದ ಕೆಲಸವು ಪೂರ್ತಿಯಾಗಿ ನನ್ನದೇ ಆಗಿರುತ್ತದೆ. ಇದರಲ್ಲಿ ಶ್ರೀ ಗಂಗಾಧರ್ ಅವರ ಪಾತ್ರ ಎಳ್ಳಷ್ಟೂ ಇರುವುದಿಲ್ಲ. ಅವರಿಗೆ ಈ ವಿಧಾನದ ಬಗ್ಗೆ ಯಾವ ತಿಳಿವಳಿಕೆಯೂ ಇರುವುದಿಲ್ಲ. ಅವರ ಸ್ಪಷ್ಟ ಸೂಚನೆಗೆ ವಿರುದ್ಧವಾಗಿ, ಅವರು ಊಟಕ್ಕೆ ಹೋಗಿದ್ದ ಸಮಯದಲ್ಲಿ ಮಾಡಿರುತ್ತೇನೆ."

ಮುನಿಶಾಮಮ್ಮ ಓದಿ ನೋಡಿದಳು. ಅವಳಿಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. "ಇಷ್ಟೇ ಬರೆದ್ರೆ ಕಂಡಾಬಟ್ಟೆ ಮಾಡಿದೀನಿ ಅಂದ್ಕೋತಾರೆ. ಹೆಂಗ್ ಮಾಡ್ದೆ ಅಂತಾನೂ ಬರಿ," ಅಂದಳು. "ನೀರು ಕುದ್ದ ಮೇಲೆ ಉರಿ ತೆಗೆದೆ. ಪಂಜ್ರದ ಕೆಳಗೆ ಒದ್ದೆ ಗೋಣಿ ಹಾಕ್ದೆ, ಮೇಲೆ ಬಿಳೀ ಬಟ್ಟೆ ಮುಚ್ದೆ. ಗೂಡಿಗಾದ್ರೆ ಜಾಸ್ತಿ ಹೊತ್ತು, ಇದು ಸಣ್ಣ ಜೀವ ಅಂತ ಹನ್ನೆರಡೇ ನಿಮಿಷ. ಆಮೇಲೆ ನೆರಳಲ್ಲಿ ಆರ್ಸಿದೆ. ಬರ್ಕೊಂಡ್ಯಾ? ನನ್ ಹೆಸ್ರಿನ ಮುಂದೆ ಎಸ್ಸೆಸ್ಸೆಲ್ಸಿ ಪಾಸು, ಎರಡನೇ ದರ್ಜೆ ಅಂತ ಹಾಕು. ಫೋನ್ ನಂಬ್ರಾನೂ ಹಾಕು. ಕೇಳೋರು ನನ್ನೇ ಕೇಳ್ಲಿ."

ಅವಳು ಸಹಿ ಹಾಕಿದಳು, ಭಾರತಮ್ಮ ಸಾಕ್ಷಿ ಹಾಕಿದಳು, ಕೋದಂಡರಾಮಪ್ಪ ಸೀಲಿಗೆ ಉಗುಳು ಹಚ್ಚಿ ಎರಡು ಕಡೆ ಒತ್ತಿದ. ಗಂಗಾಧರ ಎರಡು ಗಂಟೆಯ ಬಸ್ಸಿನಲ್ಲಿ ಒಂದು ಕೈಯಲ್ಲಿ ಪಂಜರ, ಒಂದು ಕೈಯಲ್ಲಿ ಹೇಳಿಕೆ ಹಿಡಿದು ಕೋಲಾರ ಸೇರಿದ. ದಾರಿಯುದ್ದಕ್ಕೂ ಅವನು ಪಂಜರವನ್ನು ನೋಡಲಿಲ್ಲ. ಹೇಳಿಕೆಯನ್ನು ನಾಲ್ಕು ಸಲ ಓದಿದ. ಓದಿದಷ್ಟೂ ಅದು ಗಟ್ಟಿಯಾಗಿ ಕಂಡಿತು. ಇದರ ಮುಂದೆ ಮೇಡಂ ಅಲ್ಲ, ನ್ಯಾಯಾಧೀಶರೇ ಬಂದರೂ ತನ್ನನ್ನು ದೂರುವಂತಿಲ್ಲ ಅನ್ನಿಸಿತು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಅವನು ಧನಶ್ರೀ ಮೇಡಂ ಮೇಜಿನ ಮೇಲೆ ಮೊದಲು ಕಾಗದ ಇಟ್ಟ, ಆಮೇಲೆ ಪಂಜರ.

ಮೇಡಂ ಕಾಗದ ನೋಡಲಿಲ್ಲ, ಪಂಜರ ನೋಡಿದರು. "ಸತ್ತಿವೆ."

"ಹೌದು ಮೇಡಂ. ಅದರ ವಿವರ ಪೂರ್ತಿ ಆ ಕಾಗದದಲ್ಲಿದೆ. ಸೀಲೂ ಇದೆ."

ಮೇಡಂ ಪಂಜರ, ಕಾಗದ ಎರಡನ್ನೂ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗಿನ ಬೆಂಚಿನ ಮೇಲೆ ಗಂಗಾಧರ ಒಂದು ಗಂಟೆ ಕೂತ. ಸುನಂದಳ ಫೋನು ಬಂತು.

"ಏನಾಯ್ತ್ರೀ?"

"ಎಲ್ಲಾ ಸತ್ತೋದ್ವು."

"ಹತ್ತು ಜಾಸ್ತಿ ಹಿಡೀರಿ ಅಂದಿದ್ದೆ."

"ಹನ್ನೆರಡು ಜಾಸ್ತಿ ಹಿಡಿದಿದ್ದೆ. ಅವೂ ಸತ್ತೋದ್ವು."

"ಬನ್ನಿ, ಕಾಫಿ ಮಾಡಿಡ್ತೀನಿ," ಅಂದಳು ಸುನಂದ ಮೆಲ್ಲಗೆ. ಬೈದಿದ್ದರೆ ಅವನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಬಾಗಿಲು ತೆರೆಯಿತು. ಧನಶ್ರೀ ಮೇಡಂ ಕನ್ನಡಕ ತಲೆಯ ಮೇಲೇರಿಸಿ ನಿಂತಿದ್ದರು. ಅವರ ಮುಖದಲ್ಲಿ ನಗು ಇತ್ತು. ಮೂರು ವರ್ಷದಲ್ಲಿ ಗಂಗಾಧರ ಅದನ್ನು ಕಂಡಿರಲಿಲ್ಲವಾದ್ದರಿಂದ ಮೊದಲು ಹಲ್ಲುನೋವು ಅಂದುಕೊಂಡ.

"ಬನ್ನಿ, ನೋಡಿ ಇಲ್ಲಿ."

ಅವನು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಕೆಂಪು ರಕ್ತದ ಉಂಡೆ, ಅದರ ಸುತ್ತ ಒಂದೇ ಒಂದು ಹರುಕಿಲ್ಲದ, ದಾರದಲ್ಲಿ ಹೊಲಿದಂತಿದ್ದ ಪೊರೆ.

"ಇಪ್ಪತ್ತು ಕೊಯ್ದೆ, ಇಪ್ಪತ್ತರಲ್ಲೂ ಚೀಲ ಇಡಿಯಾಗಿದೆ," ಅಂದರು ಮೇಡಂ. "ಬಿಸಿಗೆ ಎಷ್ಟು ಬೇಕೋ ಅಷ್ಟೇ ಗಟ್ಟಿಯಾಗಿದೆ. ಒಂದು ನಿಮಿಷ ಹೆಚ್ಚಾಗಿದ್ರೂ ಬೆಂದುಹೋಗ್ತಿತ್ತು. ನಾನು ಜೀವಂತ ತನ್ನಿ ಅಂತ ಹೇಳಿದ್ದೇ ತಪ್ಪು. ಯಾರ್ರೀ ಇದನ್ನ ಮಾಡಿದ್ದು?"

ಗಂಗಾಧರನಿಗೆ ಹನ್ನೊಂದು ತಿಂಗಳು, ಇನ್ನೊಂದು ಹನ್ನೊಂದು ತಿಂಗಳು, ಅದರಾಚೆಗೂ ಹನ್ನೊಂದು ತಿಂಗಳುಗಳು ಸಾಲಾಗಿ ಕಣ್ಣ ಮುಂದೆ ಬಂದವು. "ನಾನೇ ಮೇಡಂ," ಅಂದ. "ನೀವು ಚೀಲ ಒಡೆಯುತ್ತೆ ಅಂತ ಬೇಜಾರು ಮಾಡ್ಕೊಳ್ತಿದ್ರಲ್ಲ. ರಾತ್ರಿಯೆಲ್ಲಾ ಯೋಚನೆ ಮಾಡಿ, ರೇಷ್ಮೆ ಗೂಡಿನ ವಿಧಾನ ನೋಡಿ..."

ಹೇಳುತ್ತ ಹೇಳುತ್ತ ಅವನ ಕಣ್ಣು ಮೇಜಿನ ಕಡೆ ಹೋಯಿತು. ಕ್ಷಣ ತಡವಾಗಿ ಕೈಯೂ ಹೋಯಿತು. ಅಷ್ಟರಲ್ಲಿ ಮೇಡಂ ಕಾಗದ ಎತ್ತಿಕೊಂಡಿದ್ದರು.

"ವಿವರ ಇದರಲ್ಲಿದೆ ಅಂದ್ರಲ್ಲ," ಅಂತ ಓದತೊಡಗಿದರು. ಮೊದಲು ಮನಸ್ಸಿನಲ್ಲಿ ಓದಿದರು, ಆಮೇಲೆ ಬಾಯಿಬಿಟ್ಟು ಓದಿದರು. "ಶ್ರೀ ಗಂಗಾಧರ್ ಅವರ ಪಾತ್ರ ಎಳ್ಳಷ್ಟೂ ಇರುವುದಿಲ್ಲ. ಯಾವ ತಿಳಿವಳಿಕೆಯೂ ಇರುವುದಿಲ್ಲ. ಸ್ಪಷ್ಟ ಸೂಚನೆಗೆ ವಿರುದ್ಧವಾಗಿ, ಅವರು ಊಟಕ್ಕೆ ಹೋಗಿದ್ದ ಸಮಯದಲ್ಲಿ." ಅವರು ತಲೆಯೆತ್ತಿದರು. "ಇದು ನಿಜಾನಾ, ಇಲ್ಲಾ ಸೀಲು ಹಾಕ್ಸಿ ಸುಳ್ಳು ಕಾಗದ ತಂದಿದೀರಾ?"

ಸುಳ್ಳು ಅಂದರೆ ಪೊಲೀಸು, ನಿಜ ಅಂದರೆ ಮನೆ. ಗಂಗಾಧರ ಮನೆಯನ್ನು ಆರಿಸಿಕೊಂಡ. "ನಿಜ ಮೇಡಂ."

"ಅವರು ನಿಮ್ಮ ಮಾತು ಕೇಳಿದ್ದಿದ್ರೆ ಇವತ್ತೂ ನನಗೆ ಚಿಂದಿನೇ ಸಿಗ್ತಿತ್ತು," ಅಂದರು ಮೇಡಂ. ಕೋಪದಿಂದಲ್ಲ, ಲೆಕ್ಕ ಹಾಕುವವರ ಹಾಗೆ. "ಉರಿ ಯಾವಾಗ ತೆಗೀಬೇಕು, ಎಷ್ಟು ನಿಮಿಷ, ಏನು ಮುಚ್ಚಬೇಕು, ಎಲ್ಲಾ ಎಷ್ಟು ಚೆನ್ನಾಗಿ ಬರೆಸಿದಾರೆ. ಎಸ್ಸೆಸ್ಸೆಲ್ಸಿ ಪಾಸು, ಈ ಹುದ್ದೆಗೆ ಅಷ್ಟೇ ಸಾಕು. ನೊಣ ಅವರ ಕೊಟ್ಟಿಗೆಯಲ್ಲೇ ಇದೆ, ಆವಿ ಪೆಟ್ಟಿಗೆಯೂ ಅವರ ಮನೆಯಲ್ಲೇ ಇದೆ. ಇರೋದು ಒಂದೇ ಹುದ್ದೆ ಗಂಗಾಧರ್. ತಪ್ಪು ತಿಳ್ಕೋಬೇಡಿ. ನನ್ ಕೈಯಲ್ಲಿ ಗ್ಲೌಸಿದೆ, ಈ ನಂಬರಿಗೆ ಸ್ವಲ್ಪ ಫೋನ್ ಮಾಡಿ ಕೊಡಿ."

ಗಂಗಾಧರ ತನ್ನ ಫೋನಿನಿಂದಲೇ ನಂಬರು ಒತ್ತಿ, ಸ್ಪೀಕರ್ ಹಾಕಿ, ಮೇಡಂ ಮುಂದೆ ಹಿಡಿದು ನಿಂತ. ಮೇಡಂ ವಿಷಯ ಹೇಳಿದರು. ಸೋಮವಾರದಿಂದ ಹನ್ನೊಂದು ತಿಂಗಳ ಕೆಲಸ, ಮನೆಯಲ್ಲಿದ್ದುಕೊಂಡೇ ಮಾಡಬಹುದು, ಒಪ್ಪಿಗೆಯಾ ಅಂತ ಕೇಳಿದರು.

ಆ ಕಡೆಯಿಂದ ಮುನಿಶಾಮಮ್ಮನ ದನಿ ಬಂತು. "ನಂಗ್ಯಾಕ್ ಮೇಡಂ ಆಗಲ್ಲ, ಆಯ್ತದೆ. ಅದಿರ್ಲಿ, ಆ ಹುಡುಗ ಬಂದ್ನಾ? ಪಾಪ, ಅವನ ಕೆಲ್ಸ ಉಳೀಲಿ ಅಂತ್ಲೇ ನಾನು ಆವಿ ಹಾಕಿದ್ದು. ಉಳೀತು ತಾನೇ?"

ಮೇಡಂ ಗಂಗಾಧರನ ಮುಖ ನೋಡಿದರು. ಗಂಗಾಧರ ಫೋನನ್ನು ಬಾಯಿಯ ಹತ್ತಿರ ತಂದುಕೊಂಡ.

"ಉಳೀತಮ್ಮ," ಅಂದ. "ಗೂಡು ಒಡೀಲಿಲ್ಲ."